ಯಂತ್ರಕ್ಕೂ ಮೊದಲು ನೆಲ ನೋಡಿ

ನೆಲ ಶುಚಿ ಮಾಡುವ ಯಂತ್ರ ಕೇಳಿದರೆ ಅಂಗಡಿಯವರು ಮೊದಲು ಒಪ್ಪಿಸುವುದು ಹೀರುವ ಶಕ್ತಿಯ ಲೆಕ್ಕ: ಇಷ್ಟು ಸಾವಿರ ಪಾಸ್ಕಲ್ ಎಂದು. ದಪ್ಪ ಕಾರ್ಪೆಟ್‌ನ ಒಳಗಿನ ದೂಳು ಎಳೆಯಲು ಅಂಥ ಶಕ್ತಿ ಬೇಕು. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಗಳಲ್ಲಿ ದೂಳು ಮೇಲೆಯೇ ಇರುತ್ತದೆ. ಕಾಡುವುದು ಜಿಡ್ಡು, ಅಂಟು, ಒದ್ದೆ ಹೆಜ್ಜೆಗಳು. ಆದ್ದರಿಂದ ಹೀಗೆ ಆಯ್ಕೆ ಮಾಡಿ.

1. ನೆಲ ಯಾವುದು?
ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ನೆಲಕ್ಕೆ ಬಹುತೇಕ ಎಲ್ಲ ಯಂತ್ರಗಳೂ ಹೊಂದುತ್ತವೆ. ಮೇಣ ಹಚ್ಚಿದ ರೆಡ್ ಆಕ್ಸೈಡ್‌ಗೆ ಸ್ಟೀಮ್ ಮಾಪ್ ಬೇಡ. ಹಬೆಗೆ ಮೇಣ ಕರಗಿ ಹೊಳಪು ಹೋಗುತ್ತದೆ. ಲ್ಯಾಮಿನೇಟ್ ನೆಲದ ಸಂದಿಗೆ ಹಬೆ ಇಳಿದರೆ ಹಲಗೆ ಉಬ್ಬುತ್ತದೆ. ಮಾರ್ಬಲ್‌ಗೆ ಆಮ್ಲ ಆಗದು. ಮೊಸಾಯಿಕ್‌ನಲ್ಲೂ ಮಾರ್ಬಲ್ ಚೂರುಗಳಿರುವುದರಿಂದ ಎರಡಕ್ಕೂ ವಿನೆಗರ್, ನಿಂಬೆರಸ ಬೆರೆಸಿದ ನೀರು ಬಳಸಬಾರದು.

2. ಕೆಲಸ ಏನು?
ದಿನದ ದೂಳು, ಕೂದಲಿಗೆ ತಾನೇ ಓಡಾಡಿ ದೂಳು ಹೀರುವ ರೋಬೊ ಸಾಕು. ಅದರ ಮಾಪ್ ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೇ. ಚೆಲ್ಲಿದ ಸಾಂಬಾರ್ ಅದರ ಪಾಲಿನದಲ್ಲ. ಅಂಥ ಕಲೆಗೆ ಎರಡು ಟ್ಯಾಂಕ್‌ಗಳ ಫ್ಲೋರ್ ವಾಷರ್ ಸರಿ. ಒಂದರಿಂದ ಶುದ್ಧ ನೀರು ರೋಲರ್‌ಗೆ ಬರುತ್ತದೆ, ಉಜ್ಜಿದ ಕೊಳೆನೀರು ಇನ್ನೊಂದಕ್ಕೆ ಹೋಗುತ್ತದೆ. ಬಕೆಟ್ಟಿನ ಕೊಳೆನೀರನ್ನೇ ಮನೆಯೆಲ್ಲ ಸವರುವುದು ತಪ್ಪುತ್ತದೆ. ಆದರೆ ಯಂತ್ರ ಭಾರ, ತಳ್ಳಿ ನೋಡಿಯೇ ಕೊಳ್ಳಿ. ಮನೆ ಚಿಕ್ಕದಾದರೆ ಸ್ಪಿನ್ ಮಾಪ್ ಸಾಕು, ದುಡ್ಡು ಉಳಿಸಿ.

3. ಟೇಪ್ ಹಿಡಿಯಿರಿ
ಸಾಮಾನ್ಯ ರೋಬೊ ಸುಮಾರು 2 ಸೆಂ.ಮೀ. ಎತ್ತರ ದಾಟೀತು. ಹಳೆಯ ಮನೆಯ ಹೊಸ್ತಿಲು ಅದಕ್ಕಿಂತ ಎತ್ತರವಿದ್ದರೆ ಕೋಣೆಯಿಂದ ಕೋಣೆಗೆ ನೀವೇ ಹೊರಬೇಕು. ರೋಬೊ ನುಗ್ಗಲು ಮಂಚದ ಕೆಳಗೆ 10 ಸೆಂ.ಮೀ.ಗಿಂತ ಹೆಚ್ಚು ಜಾಗ ಇದೆಯೇ ಅಳೆಯಿರಿ. ದೇವರ ಮುಂದೆ ರಂಗೋಲಿ ಹಾಕುವ ಮನೆಯಾದರೆ, ಆ ಜಾಗಕ್ಕೆ ಹೋಗದಂತೆ ಆ್ಯಪ್‌ನಲ್ಲಿ ಗೆರೆ ಎಳೆಯುವ ಸೌಲಭ್ಯ ಇರಲಿ.

4. ನೀರು ಎಂಥದು?
ಬೋರ್‌ವೆಲ್‌ನ ಗಡಸು ನೀರಿನ ಲವಣ ಸ್ಟೀಮ್ ಮಾಪ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಕಪ್ಪು ಗ್ರಾನೈಟ್ ಮೇಲೆ ಬಿಳಿ ಗೆರೆ ಬಿಡುತ್ತದೆ. ಲವಣ ತೆಗೆಯುವ ಆರ್‌ಒ ಫಿಲ್ಟರ್‌ನ ನೀರು ಹಾಕಿ. ಟ್ಯಾಂಕಿಗೆ ಫಿನಾಯಿಲ್, ನೊರೆ ಬರುವ ಸೋಪು ಸುರಿಯಬೇಡಿ. ಕೈಪಿಡಿಯಲ್ಲಿ ಹೇಳಿದ ದ್ರಾವಣವನ್ನೇ ಬಳಸಿ.

5. ಆಮೇಲಿನ ಖರ್ಚು
ರೋಲರ್, ಫಿಲ್ಟರ್, ಬ್ಯಾಟರಿ ಸವೆಯುವ ಭಾಗಗಳು. ಬಿಡಿಯಾಗಿ ಸಿಗುತ್ತವೆಯೇ, ಬೆಲೆ ಎಷ್ಟು, ಸರ್ವಿಸ್ ನಿಮ್ಮ ಊರಲ್ಲೇ ಇದೆಯೇ ಎಂದು ಬಿಲ್ ಹಾಕಿಸುವ ಮುಂಚೆ ಕೇಳಿ. ಕೊಳೆನೀರನ್ನು ಆಗಲೇ ಚೆಲ್ಲಿ ರೋಲರ್ ಒಣಗಿಸದಿದ್ದರೆ ಮಳೆಗಾಲದಲ್ಲಿ ಮುಗ್ಗುಲು ವಾಸನೆ ಖಂಡಿತ.

ಅಂಗಡಿಯಲ್ಲಿ ಡೆಮೊ ಕೇಳಿ. ಟೊಮೆಟೊ ಸಾಸ್ ಚೆಲ್ಲಿಸಿ, ಯಂತ್ರ ಓಡಿದ ಜಾಗವನ್ನು ಬಿಳಿ ಬಟ್ಟೆಯಲ್ಲಿ ಉಜ್ಜಿ. ನಂತರ ಟ್ಯಾಂಕ್, ರೋಲರ್ ಬಿಚ್ಚಿ ನೀವೇ ತೊಳೆದು ನೋಡಿ. ಅಲ್ಲೇ ಬೇಸರ ತರಿಸುವ ಯಂತ್ರ ಮನೆಗೆ ಬಂದರೆ ಮೂಲೆ ಸೇರುತ್ತದೆ.