ತಕ್ಕವರಿಗೆ ತಕ್ಕ ಮಾನ

ಪಾಠಭಾಗಗಳು: ಲೂಕ 7, 1–10, 1 ಕೊರಿಂಥ 16, 15–18, ಅಪೊಸ್ತಲರ ಕೃತ್ಯಗಳು 9, 36–42.



ನಮ್ಮ ಗ್ರಾಮಸಭೆಗಳಲ್ಲಿ ಬೆಳೆಹಬ್ಬವಾಗಲಿ ದೇವಾಲಯದ ವಾರ್ಷಿಕೋತ್ಸವವಾಗಲಿ ಸಮೀಪಿಸಿದಾಗ ಹಿರಿಯರ ಕೂಟದಲ್ಲಿ ಒಂದು ಪ್ರಶ್ನೆಯು ಏಳುವದುಂಟು: ಈ ವರುಷ ಯಾರಿಗೆ ಶಾಲು ಹೊದಿಸೋಣ? ಯಾರ ಕೊರಳಿಗೆ ಹಾರ ಹಾಕೋಣ? ಶಾಲೆಗೆ ಸ್ಥಳ ಕೊಟ್ಟವರು, ಬಾವಿ ತೋಡಿಸಿದವರು, ಊರಿನ ವ್ಯಾಜ್ಯಗಳನ್ನು ತೀರಿಸಿದವರು, ನಡುರಾತ್ರಿಯಲ್ಲಿ ರೋಗಿಗಳನ್ನು ಮಡಿಕೇರಿಯ ಆಸ್ಪತ್ರೆಗೆ ಸಾಗಿಸಿದವರು, ಇಂಥವರನ್ನು ಸನ್ಮಾನಿಸುವದು ನ್ಯಾಯವೆಂದು ಕೆಲವರು ಹೇಳುತ್ತಾರೆ. ಮಹಿಮೆಯು ದೇವರೊಬ್ಬನಿಗೇ ಸಲ್ಲತಕ್ಕದ್ದು, ಮನುಷ್ಯನಿಗೆ ಹಾರವೇಕೆ ಎಂದು ಬೇರೆ ಕೆಲವರು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿರುವದರಿಂದ ಈ ವಿಷಯವನ್ನು ಸತ್ಯವೇದದ ಬೆಳಕಿನಲ್ಲಿ ಶಾಂತವಾಗಿ ವಿಚಾರಿಸುವದು ಒಳ್ಳೇದು.

1. ಮಾನವು ತೀರಿಸತಕ್ಕ ಸಾಲವಾಗಿದೆ

ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆಯುವಾಗ ಕಂದಾಯ, ಸುಂಕ, ಭಯ ಇವುಗಳೊಂದಿಗೆ ಮಾನವನ್ನೂ ಸೇರಿಸಿ, ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಬೇಕೆಂದು ಬೋಧಿಸುತ್ತಾನೆ (ರೋಮಾ 13, 7). ಕಂದಾಯವನ್ನು ಕೊಡದೆ ಇರುವವನು ಹೇಗೆ ಸಾಲಗಾರನೋ, ಉಪಕಾರವನ್ನು ಹೊಂದಿಯೂ ಬಾಯಿ ತೆರೆಯದೆ ಇರುವವನು ಹಾಗೆಯೇ ಸಾಲಗಾರನು. ಕೃತಘ್ನತೆಯನ್ನು ಭಕ್ತಿಯೆಂದು ಕರೆಯಕೂಡದು.

ಕೊಡಗಿನ ಹಿರಿಯರು ಈ ಸಾಲವನ್ನು ಅರಿತವರೇ. ಊರಿಗೂ ನಾಡಿಗೂ ತಕ್ಕರೆಂಬ ಮುಖ್ಯಸ್ಥರಿದ್ದು, ಜಗಳಗಳನ್ನು ತೀರಿಸುವದೂ ಹಬ್ಬಗಳನ್ನು ಕ್ರಮವಾಗಿ ನಡಿಸುವದೂ ಅವರ ಕೆಲಸವಾಗಿತ್ತು. ಕನ್ನಡದ ಕಿವಿಗೆ ತಕ್ಕ ಎಂಬ ಹೆಸರಿನಲ್ಲಿ ಯೋಗ್ಯನು ಎಂಬ ಅರ್ಥವೇ ಕೇಳಿಬರುತ್ತದೆ. ಹುಲಿಯನ್ನು ಕೊಂದ ವೀರನಿಗೆ ನರಿಮಂಗಲವೆಂಬ ಸಂಭ್ರಮವು ಸಲ್ಲುತ್ತಿತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಅವನನ್ನು ಮದುವಣಿಗನಂತೆ ಕುಳ್ಳಿರಿಸಿ, ಊರವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಚೆಲ್ಲಿ ಹರಸಿ ಕಾಣಿಕೆ ಕೊಡುತ್ತಿದ್ದರು. ಆ ಕಾಲವು ಕಳೆದುಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹುಲಿಗೆ ರಕ್ಷಣೆಯುಂಟಾಗಿದೆ. ಆದರೂ ಆ ಪದ್ಧತಿಯ ತಿರುಳನ್ನು ನೋಡಿರಿ: ಹುಲಿಯು ಒಬ್ಬನ ಕೊಟ್ಟಿಗೆಗೆ ಮಾತ್ರ ಶತ್ರುವಾಗಿರಲಿಲ್ಲ, ಎಲ್ಲರ ಭಯವನ್ನು ನೀಗಿಸಿದವನನ್ನು ಎಲ್ಲರೂ ಕೂಡಿ ಮಾನಿಸಿದರು.

2. ಮಾನವು ಉರುಲೂ ಆಗುತ್ತದೆ

ಆದರೆ ಮಾನವು ಯಾವ ಕೈಯಿಂದ ಬರುತ್ತದೆ, ಯಾವ ಕಾರ್ಯಕ್ಕಾಗಿ ಬರುತ್ತದೆ ಎಂಬದನ್ನು ವಿವೇಚಿಸಬೇಕು. 1834ರಲ್ಲಿ ಇಂಗ್ಲಿಷ್ ಕಂಪೆನಿಯು ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ರಾಜ್ಯವನ್ನು ವಶಪಡಿಸಿಕೊಂಡಿತು. 1837ರಲ್ಲಿ ಕೊಡಗು ಮತ್ತು ಸುಳ್ಯ ಸೀಮೆಗಳಲ್ಲಿ ಕಂಪೆನಿಗೆ ವಿರೋಧವಾಗಿ ದಂಗೆಯು ಎದ್ದಾಗ, ಸರಕಾರದ ಪಕ್ಷದಲ್ಲಿ ನಿಂತ ಕೊಡಗರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳು ಕೊಡಲ್ಪಟ್ಟವು. ಬಳಿಕ ರಾವ್ ಸಾಹೇಬ, ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಎಂಬ ಬಿರುದುಗಳು ಬಂದವು. ಅವುಗಳನ್ನು ಹೊಂದಿದವರಲ್ಲಿ ಜನಹಿತಕ್ಕಾಗಿ ದುಡಿದವರೂ ಇದ್ದರು. ಆದರೆ ಪದಕವನ್ನು ಕೊಟ್ಟ ಕೈಯು ಮೊದಲು ನೋಡಿದ್ದು, ಇವನು ನೆರೆಯವನಿಗೆ ಏನು ಮಾಡಿದನು ಎಂಬದನ್ನಲ್ಲ, ನಮಗೆ ಎಷ್ಟು ನಿಷ್ಠನಾಗಿದ್ದಾನೆ ಎಂಬದನ್ನೇ. ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅದರ 18ನೆಯ ವಿಧಿಯಿಂದ ಇಂಥ ಬಿರುದುಗಳು ರದ್ದಾದವು.

ಕರ್ತನಾದ ಯೇಸುವು ಶಿಷ್ಯರಿಗೆ ಇದನ್ನೇ ಎಚ್ಚರಿಸಿದ್ದನು. ಲೋಕದ ದೊರೆಗಳು ಜನರ ಮೇಲೆ ದೊರೆತನ ಮಾಡುತ್ತಲೇ ಉಪಕಾರಿಗಳೆಂಬ ಹೆಸರನ್ನೂ ಪಡೆಯುತ್ತಾರೆ. ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನು ಸೇವೆಮಾಡುವವನಂತಿರಲಿ ಎಂಬದು ಆತನ ಬೋಧನೆಯ ತಾತ್ಪರ್ಯವು (ಲೂಕ 22, 25–26). ಆದಕಾರಣ ಸನ್ಮಾನವು ತಪ್ಪಲ್ಲ. ಅಧಿಕಾರವನ್ನೂ ಹಣವನ್ನೂ ಸೇವೆಯೆಂದು ಹೆಸರಿಟ್ಟು ಸನ್ಮಾನಿಸುವದೇ ತಪ್ಪು.

3. ಕಪೆರ್ನೌಮಿನ ಶತಾಧಿಪತಿ

ಸುವಾರ್ತೆಯಲ್ಲಿ ಒಬ್ಬ ಊರ ಉಪಕಾರಿಯ ವೃತ್ತಾಂತವುಂಟು. ಕಪೆರ್ನೌಮಿನ ಯೆಹೂದ್ಯರ ಹಿರಿಯರು ಯೇಸುವಿನ ಬಳಿಗೆ ಬಂದು ಶತಾಧಿಪತಿಯೊಬ್ಬನನ್ನು ಹೊಗಳುತ್ತಾರೆ. ಅವನು ತಕ್ಕವನು, ನಮ್ಮ ಜನರನ್ನು ಪ್ರೀತಿಸುತ್ತಾನೆ, ನಮಗೆ ಸಭಾಮಂದಿರವನ್ನು ಕಟ್ಟಿಸಿಕೊಟ್ಟಿದ್ದಾನೆ. ಇದೇ ಅವರ ಮಾತಿನ ಸಾರವು. ಅವರು ಅಲ್ಲಿ ಸುಳ್ಳಾಡಲಿಲ್ಲ, ಮುಖಸ್ತುತಿಯನ್ನೂ ಮಾಡಲಿಲ್ಲ. ಅನ್ಯಜನಾಂಗದವನೂ ಸೈನ್ಯದವನೂ ಆಗಿದ್ದ ಅವನ ಒಳ್ಳೆಯತನವನ್ನು ಅವನ ಬೆನ್ನ ಹಿಂದೆ ಹೇಳಿದ್ದು ಅವರಿಗೆ ಭೂಷಣವೇ ಆಗಿದೆ.

ಆದರೆ ಆ ಮನುಷ್ಯನು ತಾನೇ ಹೇಳಿಕಳುಹಿಸಿದ ಮಾತು ಬೇರೆ: ನೀನು ನನ್ನ ಮನೆಯೊಳಗೆ ಬರುವದಕ್ಕೆ ನಾನು ತಕ್ಕವನಲ್ಲ ಎಂಬದೇ ಅದು. ಊರೆಲ್ಲಾ ಅವನನ್ನು ತಕ್ಕವನೆಂದಿತು. ಅವನು ತನ್ನನ್ನು ತಕ್ಕವನಲ್ಲವೆಂದನು. ಈ ಎರಡು ಮಾತುಗಳು ಒಂದೇ ಸ್ಥಳದಲ್ಲಿ ಕೂಡಿದಾಗಲೇ ಸನ್ಮಾನವು ಶುದ್ಧವಾಗಿರುತ್ತದೆ. ಕರ್ತನು ಕಟ್ಟಡದ ವಿಷಯವಾಗಿ ಏನೂ ಹೇಳದೆ ಅವನ ನಂಬಿಕೆಗೆ ಆಶ್ಚರ್ಯಪಟ್ಟದ್ದನ್ನೂ, ಸುವಾರ್ತಿಕನು ಅವನ ಹೆಸರನ್ನೇ ಬರೆಯದೆ ಬಿಟ್ಟದ್ದನ್ನೂ ಗಮನಿಸಿರಿ. ನಾವು ಗೋಡೆಯಲ್ಲಿ ಹೆಸರಿನ ಕಲ್ಲನ್ನು ಕೂರಿಸುವದಕ್ಕೆ ಎಷ್ಟೊಂದು ಚಿಂತಿಸುತ್ತೇವೆ! ಹೆಸರಿಲ್ಲದ ಈ ಉಪಕಾರಿಯೋ ಲೋಕದ ಎಲ್ಲಾ ಸಭೆಗಳಲ್ಲಿ ಇಂದಿಗೂ ನೆನಸಲ್ಪಡುತ್ತಾನೆ.

4. ಸ್ತೆಫನಾಸನ ಮನೆಯವರು

ಕೊರಿಂಥದ ಸಭೆಯಲ್ಲಿ ಸ್ತೆಫನಾಸನೆಂಬವನ ಮನೆಯವರು ಅಖಾಯ ಸೀಮೆಯ ಪ್ರಥಮ ಫಲವಾಗಿದ್ದರು. ಅವರು ಯಾರೂ ನೇಮಿಸದೆ ತಾವಾಗಿಯೇ ದೇವಜನರ ಸೇವೆಗೆ ನಿಂತರು. ಪೌಲನು ಸಭೆಗೆ ಏನು ಹೇಳುತ್ತಾನೆ? ಇಂಥವರನ್ನು ಗುರುತಿಸಿರಿ, ಇವರಿಗೂ ಇವರೊಂದಿಗೆ ಪ್ರಯಾಸಪಡುವ ಎಲ್ಲರಿಗೂ ಒಳಪಟ್ಟು ನಡೆಯಿರಿ ಎನ್ನುತ್ತಾನೆ. ಹಾರದ ಮಾತಾಗಲಿ ಔತಣದ ಮಾತಾಗಲಿ ಅಲ್ಲಿಲ್ಲ. ಅವರ ಮಾತನ್ನು ಕೇಳಿ ಅವರ ಕೆಲಸದಲ್ಲಿ ಕೈಜೋಡಿಸುವದೇ ಅವರಿಗೆ ಸಲ್ಲುವ ಮಾನವು. ಸ್ತೆಫನಾಸನ ಸಂಗಡ ಫೊರ್ತುನಾತ, ಅಖಾಯಿಕ ಎಂಬ ಇಬ್ಬರ ಹೆಸರುಗಳೂ ಅಲ್ಲಿ ಬಂದಿವೆ. ಅವು ಆ ಕಾಲದಲ್ಲಿ ದಾಸರಿಗೂ ಬಿಡುಗಡೆಹೊಂದಿದ ದಾಸರಿಗೂ ಇಡುತ್ತಿದ್ದಂಥ ಹೆಸರುಗಳೆಂದು ಪಂಡಿತರು ಹೇಳುತ್ತಾರೆ. ಮನೆಯ ಯಜಮಾನನನ್ನೂ ಇವರನ್ನೂ ಪೌಲನು ಒಂದೇ ಸಾಲಿನಲ್ಲಿ ನಿಲ್ಲಿಸಿದನು.

ಈ ಹೆಸರು ನಮ್ಮ ಕೊಡಗಿಗೆ ಹೊಸದಲ್ಲ. ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗರು 1853ರಲ್ಲಿ ಕೊಡಗಿಗೆ ಬಂದು ಸುವಾರ್ತಾಸೇವೆಯನ್ನು ಆರಂಭಿಸಿದಾಗ, ಅಲ್ಮಂಡದ ಸೋಮಯ್ಯನೆಂಬ ಕೊಡವ ಗೃಹಸ್ಥನು ಅದಕ್ಕೆ ಆಧಾರವಾಗಿದ್ದನು. ಇವನು ಸ್ನಾನದೀಕ್ಷೆಯಲ್ಲಿ ಹೊಂದಿದ ಹೆಸರು ಸ್ತೆಫನಾಸ ಎಂಬದೇ. ಸ್ವಜನರು ಅವನನ್ನು ತಮ್ಮ ಕೂಟದಿಂದ ಹೊರಗೆ ಹಾಕಿದರು. ಮಂದಿನಲ್ಲಿ ಮಾನ ಹೊಂದತಕ್ಕವನು ಮಾನವನ್ನು ಕಳಕೊಂಡನು. ಅನಂತರ ಅದೇ ದಶಕದಲ್ಲಿ ಆನಂದಪುರವು ಹುಟ್ಟಿತು. ತಲೆತಲಾಂತರದಿಂದ ಪರರ ಗದ್ದೆಗಳಲ್ಲಿ ಜೀತದಾಳುಗಳಾಗಿ ದುಡಿದ ಜನರು ಅಲ್ಲಿ ನೆಲೆಯೂರಿ, ಸಭೆಯಾಗಿ ಕೂಡಿದರು. ಮೋಗ್ಲಿಂಗರ ಹೆಸರು ಪುಸ್ತಕಗಳಲ್ಲಿದೆ; ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಗಾಗಿ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅದು ಸಲ್ಲತಕ್ಕದ್ದೇ. ಆದರೆ ಆನಂದಪುರದಲ್ಲಿ ಕಾಡು ಕಡಿದವರು, ಕಲ್ಲು ಹೊತ್ತವರು, ಕಾಫಿಯ ಗಿಡ ನೆಟ್ಟವರು ಯಾರು? ನಮ್ಮ ಸಭೆಯ ಫೊರ್ತುನಾತರೂ ಅಖಾಯಿಕರೂ ಅವರೇ. ಸಭೆಯ ಚರಿತ್ರೆಯನ್ನು ಓದುವ ದಿನ ಈ ಕೈಗಳನ್ನು ನೆನಸದಿದ್ದರೆ ನಾವು ಅರ್ಧ ಸಾಲವನ್ನು ಮಾತ್ರ ತೀರಿಸಿದವರಾಗುವೆವು.

5. ವಿಧವೆಯರು ತೋರಿಸಿದ ಅಂಗಿಗಳು

ಯೊಪ್ಪದಲ್ಲಿ ತಬಿಥಾ ಎಂಬ ಶಿಷ್ಯಳು ಸತ್ತಾಗ ಅವಳ ಸನ್ಮಾನವು ಹೇಗೆ ನಡೆಯಿತು? ಯಾರೂ ಭಾಷಣ ಮಾಡಲಿಲ್ಲ. ವಿಧವೆಯರು ಅಳುತ್ತಾ ಪೇತ್ರನ ಸುತ್ತಲೂ ನಿಂತು, ಅವಳು ಹೊಲಿದುಕೊಟ್ಟ ಅಂಗಿಗಳನ್ನೂ ವಸ್ತ್ರಗಳನ್ನೂ ತೋರಿಸಿದರು. ಉಪಕಾರ ಹೊಂದಿದವರ ಮೈಮೇಲಿನ ಬಟ್ಟೆಯೇ ಅವಳ ಬಿನ್ನವತ್ತಳೆಯಾಯಿತು.

ಇದಕ್ಕೆ ಹೋಲುವ ಸಂಗತಿಯೊಂದು ನಮ್ಮ ನಾಡಿನಲ್ಲಿಯೂ ನಡೆಯಿತು. ಮಹಾತ್ಮಾ ಗಾಂಧಿಯವರು 1934ರಲ್ಲಿ ಅಸ್ಪೃಶ್ಯತಾ ನಿವಾರಣೆಗಾಗಿ ಸಂಚರಿಸುತ್ತಾ ಕೊಡಗಿಗೆ ಬಂದು, ಸುಂಟಿಕೊಪ್ಪದ ಬಳಿಯ ಗುಂಡುಗುತ್ತಿ ಮಂಜುನಾಥಯ್ಯನವರ ತೋಟದಲ್ಲಿ ಇಳುಕೊಂಡರು. ಆ ತೋಟದಲ್ಲಿ ಮೇನೇಜರರಾಗಿದ್ದ ಬಿ. ಟಿ. ಗೋಪಾಲಕೃಷ್ಣರವರ ಪತ್ನಿಯೇ ಕಥೆಗಾರ್ತಿಯಾದ ಗೌರಮ್ಮನವರು. ಗಾಂಧಿಯವರು ತಮ್ಮ ಮನೆಗೂ ಬರಬೇಕೆಂದು ಆಕೆ ಉಪವಾಸವಿದ್ದು, ಅವರು ಬಂದಾಗ ತಮ್ಮ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿಬಿಟ್ಟರು. ಆಗ ಆಕೆಗೆ ಸುಮಾರು 22 ವರುಷ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದಾಗ 27 ವರುಷ ಮಾತ್ರ. ಆಕೆ ನಮ್ಮ ಸಭೆಯವರಲ್ಲ. ಶತಾಧಿಪತಿಯೂ ಯೆಹೂದ್ಯರ ಸಭೆಯವನಾಗಿರಲಿಲ್ಲ. ಒಳ್ಳೇದು ಎಲ್ಲಿ ಕಂಡುಬಂದರೂ ಅದನ್ನು ಒಳ್ಳೇದೆಂದು ಹೇಳುವದು ಸಭೆಗೆ ತಕ್ಕದ್ದಾಗಿದೆ. ಮಾನವನ್ನು ಪಡೆಯುವದಕ್ಕೆ ಒಡವೆ ಧರಿಸುವವರುಂಟು. ಮಾನವಿಲ್ಲದವರೆಂದು ಜನರು ದೂರವಿಟ್ಟವರಿಗೋಸ್ಕರ ಆಕೆ ಒಡವೆಯನ್ನು ಕಳಚಿದರು.

6. ಬಿಡಿಸಲು ಕಷ್ಟವಾದ ಗಂಟು

ಈಗ ಹಿರಿಯರ ಕೂಟದಲ್ಲಿ ಮೆಲ್ಲನೆ ಮಾತ್ರ ಕೇಳಿಬರುವ ಒಂದು ಪ್ರಶ್ನೆಯನ್ನು ಬಹಿರಂಗವಾಗಿ ಇಡಬೇಕಾಗಿದೆ. ನಮ್ಮದು ಕಾಫಿತೋಟಗಳ ಸೀಮೆ. ತೋಟದ ಯಜಮಾನನೊಬ್ಬನು ದೇವಾಲಯಕ್ಕೆ ಗಂಟೆಯನ್ನು ದಾನಮಾಡುತ್ತಾನೆಂದು ಇಟ್ಟುಕೊಳ್ಳಿರಿ. ಅದೇ ವರುಷ ಅವನ ತೋಟದಲ್ಲಿ ಹಣ್ಣು ಕೊಯಿದ ಕೂಲಿಯವರಿಗೆ ಪೂರಾ ಕೂಲಿ ಸಿಕ್ಕಿಲ್ಲ. ಅವರೂ ಅದೇ ದೇವಾಲಯದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅವನಿಗೆ ಹಾರ ಹಾಕಬಹುದೋ?

ಹಿಡಿಯಲ್ಪಟ್ಟ ಕೂಲಿಯು ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗಳಿಗೆ ಮುಟ್ಟುತ್ತದೆ ಎಂದು ಯಾಕೋಬನು ಬೋಧಿಸುತ್ತಾನೆ (ಯಾಕೋಬ 5, 4). ನಾವು ಒಬ್ಬನಿಗೆ ಹಾರ ಹಾಕುವಾಗ ಹತ್ತು ಜನರ ಬಾಯಿಗೆ ಬೀಗ ಹಾಕುತ್ತೇವಾದರೆ ಆ ಗಂಟೆಯ ನಾದವು ದೇವರಿಗೆ ಇಂಪಾಗುವದೋ? ಹಾಗಾದರೆ ದಾನಿಯನ್ನು ಎಲ್ಲರ ಮುಂದೆ ಅವಮಾನಪಡಿಸಬೇಕೋ? ಹಾಗೂ ಅಲ್ಲ. ಸಭಾಪಾಲಕರೂ ಒಬ್ಬಿಬ್ಬರು ಹಿರಿಯರೂ ಅವನ ಮನೆಗೆ ಹೋಗಿ ಪ್ರೀತಿಯಿಂದ, ಅಯ್ಯಾ, ನಿಮ್ಮ ಕಾಣಿಕೆಗಾಗಿ ದೇವರಿಗೆ ಸ್ತೋತ್ರ. ಆದರೆ ಮೊದಲು ಕೂಲಿಯು ತೀರಲಿ, ಆಮೇಲೆ ಗಂಟೆಯು ಬಾರಿಸಲಿ ಎಂದು ಹೇಳಲಿ. ಜಕ್ಕಾಯನು ಬಡವರಿಗೆ ಅರ್ಧ ಆಸ್ತಿಯನ್ನು ಕೊಟ್ಟದ್ದಲ್ಲದೆ, ಅನ್ಯಾಯವಾಗಿ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡಲು ಒಪ್ಪಿದನಲ್ಲವೇ? ಹೀಗೆ ಹೇಳುವದಕ್ಕೆ ಧೈರ್ಯಬೇಕು. ದೊಡ್ಡ ಕಾಣಿಕೆಯು ತಪ್ಪಿಹೋಗಲೂಬಹುದು. ಗಂಟೆಯಿಲ್ಲದೆ ಸಭೆಯು ಬದುಕೀತು, ನ್ಯಾಯವಿಲ್ಲದೆ ಬದುಕದು.

7. ನಡೆಸತಕ್ಕ ಕ್ರಮ

ಮೇಲಿನ ಉಪದೇಶದಿಂದ ಈ ಕೆಳಗಿನ ಕ್ರಮಗಳು ದೊರೆಯುತ್ತವೆ.

(ಅ) ಇಷ್ಟು ಕೊಟ್ಟರೆ ಇಂಥ ಮಾನ ಎಂದು ಮುಂದಾಗಿಯೇ ಹೇಳಕೂಡದು. ಅದು ಸನ್ಮಾನವಲ್ಲ, ವ್ಯಾಪಾರ.

(ಆ) ಆಸ್ತಿಯನ್ನೂ ಪದವಿಯನ್ನೂ ವರ್ಣಿಸದೆ, ಮಾಡಿದ ಕಾರ್ಯವನ್ನು ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಾದರೆ ಉಪಕಾರ ಹೊಂದಿದವರೇ ಎರಡು ಮಾತು ಹೇಳಲಿ; ಆದರೆ ಯಾರನ್ನೂ ಬಲವಂತಪಡಿಸಿ ಅವರ ಬಡತನವನ್ನು ಪ್ರದರ್ಶಿಸಬಾರದು.

(ಇ) ವೇದಿಕೆಯ ಮೇಲೆ ಬಾರದವರನ್ನು ಹುಡುಕಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳು ಹೋದಾಗ, ಆಶ್ರಯ ಕೇಂದ್ರಗಳಲ್ಲಿ ಜನರು ದಿನಗಟ್ಟಲೆ ಉಳಕೊಂಡರು. ಅಂಥ ಸ್ಥಳಗಳಲ್ಲಿ ಅನ್ನ ಬೇಯಿಸುವವರ, ಪಾತ್ರೆ ತೊಳೆಯುವವರ, ಮುದುಕರನ್ನು ಎತ್ತಿ ಕುಳ್ಳಿರಿಸುವವರ ಹೆಸರುಗಳನ್ನು ಯಾರು ಬರೆದಿಡುತ್ತಾರೆ?

(ಈ) ಸನ್ಮಾನದ ಖರ್ಚು ಸೇವೆಯ ಖರ್ಚಿಗಿಂತ ಹೆಚ್ಚಾಗಬಾರದು. ಕರ್ತನ ಭೋಜನದ ಆರಾಧನೆಯಲ್ಲಿ ಅದನ್ನು ಸೇರಿಸಲೇಬಾರದು. ಆ ಮೇಜಿನ ಬಳಿ ಎಲ್ಲರೂ ಬರಿಗೈಯವರೇ.

(ಉ) ಮಾರನೆಯ ದಿನ ಅವರ ಕೆಲಸದಲ್ಲಿ ಕೈಜೋಡಿಸಬೇಕು. ಬಾವಿ ತೋಡಿಸಿದವನಿಗೆ ಹಾರ ಹಾಕಿ, ಆ ಬಾವಿಯ ಹೂಳನ್ನು ಎತ್ತುವದಕ್ಕೆ ಒಬ್ಬನೂ ಬಾರದಿದ್ದರೆ ನಾವು ಅವನನ್ನು ಮಾನಿಸಿದ್ದು ಎಲ್ಲಿ? ಹಾರವು ಸಾಯಂಕಾಲಕ್ಕೆ ಬಾಡುತ್ತದೆ. ಜೊತೆಗೂಡಿದ ಕೈಗಳು ನಾಳೆಯೂ ಇರುತ್ತವೆ.

ಸನ್ಮಾನ ಹೊಂದುವ ಸಹೋದರ ಸಹೋದರಿಯರಿಗೂ ಒಂದು ಮಾತು. ಜನರು ನಿಮ್ಮನ್ನು ತಕ್ಕವರೆಂದು ಕರೆಯುವಾಗ ಅದನ್ನು ತಳ್ಳಿಬಿಟ್ಟು ಅವರ ಪ್ರೀತಿಯನ್ನು ನೋಯಿಸಬೇಡಿರಿ. ನಂಬಿ ಉಬ್ಬಿಕೊಳ್ಳಲೂ ಬೇಡಿರಿ. ಆ ರಾತ್ರಿ ಮನೆಗೆ ಹೋಗಿ ಬಾಗಿಲು ಮುಚ್ಚಿ, ಶತಾಧಿಪತಿಯಂತೆ, ಕರ್ತನೇ, ನಾನು ತಕ್ಕವನಲ್ಲ ಎಂದು ಪ್ರಾರ್ಥಿಸಿರಿ. ಆಗ ಆ ಮಾನವು ನಿಮಗೆ ಕೇಡಾಗದೆ ಆಶೀರ್ವಾದವೇ ಆಗುವದು.

ಕುಟುಂಬ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಶತಾಧಿಪತಿಯ ವಿಷಯವಾಗಿ ಹಿರಿಯರು ಹೇಳಿದ್ದಕ್ಕೂ ಅವನು ತನ್ನ ವಿಷಯವಾಗಿ ಹೇಳಿದ್ದಕ್ಕೂ ವ್ಯತ್ಯಾಸವೇನು?

2. ಸ್ತೆಫನಾಸನ ಮನೆಯವರಿಗೆ ಎಂಥ ಮಾನವು ಸಲ್ಲಬೇಕೆಂದು ಪೌಲನು ಬೋಧಿಸಿದನು?

3. ನಮ್ಮ ಸಭೆಯಲ್ಲಿ ಇದುವರೆಗೆ ಯಾರೂ ಹೆಸರೆತ್ತದ ಸೇವಕರು ಯಾರು? ಈ ವಾರ ಅವರ ಕೆಲಸದಲ್ಲಿ ನಾವು ಯಾವ ಸಹಾಯವನ್ನು ಮಾಡಬಹುದು?

4. ನಾವು ಯಾರಿಗಾದರೂ ಕೊಡಬೇಕಾದ ಕೂಲಿಯು ನಮ್ಮ ಕೈಯಲ್ಲಿ ಉಳಿದಿದೆಯೋ?