ಬೇಸಗೆಯ ಸಿಡಿಲು ಮಳೆ: ಮುನ್ಸೂಚನೆಯನ್ನು ಓದುವುದು ಹೇಗೆ?

ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಬಹುಮಂದಿ ಊರಿನ ಗಾಡಿ ಹತ್ತುವರು. ಭರಣಿ, ಕೃತ್ತಿಕೆಯ ಮಳೆಗಳು ಸಿಡಿಲನ್ನು ಹೊತ್ತು ತರುವ ಕಾಲವೂ ಅದೇ. ಹವಾಮಾನ ಇಲಾಖೆಯವರು ಎಚ್ಚರಿಕೆ ಕೊಟ್ಟರೆ, "ಮೊನ್ನೆಯೂ ಹೀಗೇ ಹೇಳಿದರು, ಹನಿ ಬೀಳಲಿಲ್ಲ" ಎಂದು ನಗುತ್ತೇವೆ. ಈ ನಗೆ ಎಷ್ಟು ಸರಿ, ನೋಡೋಣ.

ಬಿರುಸಾದ ಗುಡುಗು ಮಳೆಗೆ ಮೂರು ಕೂಡಬೇಕು. ನೆಲದ ಬಳಿ ತೇವದ ಗಾಳಿ. ಮೇಲೆ ಹೋದಂತೆ ಬೇಗನೆ ತಣ್ಣಗಾಗುವ ಆಕಾಶ. ಕೆಳಗಿನ ಗಾಳಿಯನ್ನು ಮೇಲಕ್ಕೆತ್ತುವ ಒಂದು ನೂಕು. ಕಾದ ನೆಲವೋ, ಗುಡ್ಡದ ಸಾಲೋ ಈ ನೂಕನ್ನು ಕೊಡಬಹುದು. ಎಷ್ಟೋ ದಿನ ನಡುವೆ ಬಿಸಿಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಅದು ಸರಿಯದಿದ್ದರೆ ಸಂಜೆಯವರೆಗೆ ಬರೀ ಬೆವರು. ಸರಿಯಿತೋ, ಕೂಡಿಟ್ಟ ಕಾವೆಲ್ಲ ಒಮ್ಮೆಗೇ ಏರಿ ಮೋಡವು 12 ಕಿಲೋಮೀಟರಿಗೂ ಮೇಲೆ ಬೆಳೆಯಬಹುದು.

ಇದನ್ನು ತಿಳಿಯಲು ಮುಂಜಾನೆ 5-30ರ ಸುಮಾರಿಗೆ ಹಲವು ಊರುಗಳಿಂದ ಬಲೂನು ಹಾರಿಸಿ ಮೇಲಿನ ಗಾಳಿಯ ಶಾಖ, ತೇವಗಳನ್ನು ಅಳೆಯುತ್ತಾರೆ. ಅದರಿಂದ ಇಂಥ ಜಿಲ್ಲೆಯಲ್ಲಿ ಸಂಭವವುಂಟು ಎನ್ನಬಹುದು. ಇಂಥವರ ಹೊಲದಲ್ಲಿ ಎನ್ನಲಾಗದು. ಒಂಟಿ ಮೋಡದ ಅಗಲ ಕೆಲವೇ ಕಿಲೋಮೀಟರು, ಆಯುಷ್ಯ ಸುಮಾರು ಒಂದು ಗಂಟೆ. ದಾದರಿನಲ್ಲಿ ಕೊಡೆ, ಕುರ್ಲಾದಲ್ಲಿ ಬಿಸಿಲು! ಮೋಡ ಹುಟ್ಟಿದ ಮೇಲೆ ರಾಡಾರಿಗೆ ಕಾಣುತ್ತದೆ. ಆಗ ಹೊರಡುವ ಮೂರು ಗಂಟೆಯ ಸೂಚನೆಯನ್ನೇ ಹೆಚ್ಚಾಗಿ ನಂಬಬೇಕು.

ಹತ್ತರಲ್ಲಿ ಮೂರು ಪಾಲು ಸಂಭವವೆಂದ ದಿನಗಳು ಹತ್ತು ಬಂದರೆ, ಏಳು ದಿನ ಒಣಗಿಯೇ ಕಳೆಯಬೇಕು. ಕಾಸಿಗೆ ಕಾಸು ಕೂಡಿಸುವ ನಮ್ಮಂಥ ಗುಮಾಸ್ತರಿಗೆ ಈ ಲೆಕ್ಕ ಹಿಡಿಸದು, ಆದರೂ ಅದು ಸರಿಯಾದ ಲೆಕ್ಕವೇ. ಹಳದಿ ಬಣ್ಣವೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ. ಹಳದಿಗೆ "ಏನೂ ಆಗದು" ಎಂಬ ಅರ್ಥ ಎಲ್ಲಿಯೂ ಇಲ್ಲ.

ಮಳೆಗಿಂತ ಮುಂಚೆ ಗಾಳಿ ಬರುವುದನ್ನು ಮರೆಯಬಾರದು. ಮೋಡದಲ್ಲಿ ತಣ್ಣಗಾದ ಗಾಳಿ ಧೊಪ್ಪನೆ ಇಳಿದು ನೆಲದ ಮೇಲೆ ಹರಡುತ್ತದೆ. 2024ರ ಮೇ 13ರಂದು ಮುಂಬಯಿಯಲ್ಲಿ ಎದ್ದ ಧೂಳುಗಾಳಿಗೆ ಘಾಟ್ಕೋಪರಿನ ಭಾರಿ ಜಾಹೀರಾತು ಫಲಕವೊಂದು ಪೆಟ್ರೋಲು ಪಂಪಿನ ಮೇಲೆ ಉರುಳಿ 17 ಜನ ತೀರಿಕೊಂಡರು. ಸೆಕೆಯ ನಡುವೆ ತಟ್ಟನೆ ತಂಪುಗಾಳಿ ಬೀಸಿ ಧೂಳೆದ್ದರೆ ಫಲಕ, ಮರ, ತಗಡಿನ ಚಪ್ಪರಗಳ ಆಸರೆ ಬೇಡ; ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಗುಡುಗು ಕೇಳಿಸಿತೆಂದರೆ ಸಿಡಿಲು ನಮ್ಮವರೆಗೂ ಬರಬಲ್ಲದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರುವುದು ಲೇಸು.

ನಾವು ಇಲ್ಲಿ ಓದುವ ಸೂಚನೆ ಊರಿನ ಹೊಲದಲ್ಲಿರುವವರ ಕಿವಿಗೆ ಬೀಳುವುದು ಕಡಿಮೆ. ಈ ಗಾಳಿಮಳೆ ಹೆಚ್ಚಾಗಿ ಏಳುವುದು ಮಧ್ಯಾಹ್ನ ಇಳಿದ ಮೇಲೆ. ಊಟದ ಬಿಡುವಿನಲ್ಲಿ ಊರಿನ ಜಿಲ್ಲೆಯ ಬಣ್ಣವನ್ನೊಮ್ಮೆ ನೋಡಿ, ಮನೆಗೆ ಫೋನು ಮಾಡಿ. ಇವತ್ತು ಬೇವಿನ ಮರದ ಕೆಳಗೆ ಎತ್ತು ಕಟ್ಟಬೇಡಿ, ಬೇಗ ಮನೆಗೆ ಬನ್ನಿ ಎಂದು ಅಪ್ಪನವರಿಗೆ ಹೇಳಿ.