ಸುಮ್ಮನಿರುವ ಮಾತುಗಳು

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದವು. ಈ ಹಳೆಯ ಬಡಾವಣೆಗಳ ಓಣಿಗಳಲ್ಲಿ ಕನ್ನಡದ ಮಗ್ಗುಲಲ್ಲಿಯೇ ತಮಿಳು, ತೆಲುಗು, ಮರಾಠಿ, ದಖ್ಖನಿ ಉರ್ದುಗಳು ಬಹುಕಾಲದಿಂದ ಬಾಳಿಕೊಂಡು ಬಂದಿವೆ. ಮಕ್ಕಳ ಅಳು ಎಲ್ಲ ಮನೆಗಳಲ್ಲಿಯೂ ಒಂದೇ. ಅಳುವ ಮಗುವನ್ನು ಸಂತೈಸುವ ಮಾತು ಮಾತ್ರ ಮನೆಯಿಂದ ಮನೆಗೆ ಬೇರೆಯಾಗುತ್ತದೆ. 'ಸುಮ್ಮನಿರು ಕಂದ' ಎನ್ನುತ್ತಾಳೆ ಕನ್ನಡದ ತಾಯಿ. ನೆರೆಮನೆಯ ತಮಿಳು ತಾಯಿಯ ಬಾಯಲ್ಲಿ ಅದು 'ಸುಮ್ಮಾ ಇರು'. ತೆಲುಗಿನವಳು 'ಊರುಕೋ' ಎನ್ನುತ್ತಾಳೆ. ಮರಾಠಿ ಅಜ್ಜಿ 'ಉಗೀ ಉಗೀ' ಎಂದು ಬೆನ್ನು ತಟ್ಟಿದರೆ, ಬೀದಿಯ ಕೊನೆಯ ಮನೆಯಲ್ಲಿ ದಖ್ಖನಿಯ 'ಚುಪ್' ಕೇಳಿಬರುತ್ತದೆ. ಸದ್ದು ಅಡಗಬೇಕೆಂಬುದೇ ಎಲ್ಲರ ಅಪೇಕ್ಷೆ. ಆದರೆ ಈ ಮಾತುಗಳನ್ನು ಬಿಡಿಸಿ ನೋಡಿದರೆ, ಸದ್ದಡಗುವುದೆಂದರೆ ಏನೆಂಬುದನ್ನು ಒಂದೊಂದು ಭಾಷೆಯೂ ಒಂದೊಂದು ರೀತಿಯಲ್ಲಿ ಕಂಡುಕೊಂಡಿರುವುದು ತಿಳಿಯುತ್ತದೆ.

ಮೊದಲು ಕನ್ನಡದ 'ಸುಮ್ಮನೆ' ಎಂಬ ಮಾತನ್ನೇ ತೆಗೆದುಕೊಳ್ಳಬಹುದು. 'ಸುಮ್ಮನೆ ಕುಳಿತಿದ್ದ' ಎಂದರೆ ಮಾತಿಲ್ಲದೆ ಕುಳಿತಿದ್ದನೆಂದು ಅರ್ಥ. 'ಸುಮ್ಮನೆ ಬಂದೆ' ಎಂದರೆ ಕಾರಣವಿಲ್ಲದೆ ಬಂದೆನೆಂದು. 'ಸುಮ್ಮನೆ ಕೊಟ್ಟನೇ?' ಎಂದರೆ ಹಣ ಪಡೆಯದೆ ಕೊಟ್ಟನೇ ಎಂದು. 'ಸುಮ್ಮನೆ ಹೇಳಿದೆ, ಕೋಪಿಸಿಕೊಳ್ಳಬೇಡ' ಎಂಬಲ್ಲಿ ಅದು ತಮಾಷೆಗಾಗಿ ಆಡಿದ ಮಾತು. ಒಂದು ಸಂಗತಿ ಸಾಮಾನ್ಯವಾದುದಲ್ಲವೆಂದು ತೋರಿಸಬೇಕಾದಾಗ 'ಇದೇನು ಸುಮ್ಮನೆಯೇ?' ಎನ್ನುವುದುಂಟು. ಗಿಡದ ಎಲೆಗಳನ್ನು ಕೀಳುತ್ತಿರುವ ಹುಡುಗ ತುಟಿ ಬಿಚ್ಚದೆ ಇದ್ದರೂ ಹಿರಿಯರು 'ಸುಮ್ಮನಿರೋ' ಎಂದೇ ಗದರಿಸುತ್ತಾರೆ. ಆದುದರಿಂದ ಈ ಮಾತಿನ ಬೇರು ಸದ್ದಿನಲ್ಲಿಲ್ಲ. ಮಾಡುವುದನ್ನು ಮಾಡದೆ ಬಿಡುವುದರಲ್ಲಿದೆ. ಕಾರಣವನ್ನು ಬಿಟ್ಟರೂ, ಬೆಲೆಯನ್ನು ಬಿಟ್ಟರೂ, ಚೇಷ್ಟೆಯನ್ನು ಬಿಟ್ಟರೂ, ಮಾತನ್ನು ಬಿಟ್ಟರೂ ಅದು ಸುಮ್ಮನೆಯೇ. ಹಳಗನ್ನಡದಲ್ಲಿ 'ಕೆಮ್ಮನೆ' ಎಂಬ ಇನ್ನೊಂದು ಮಾತಿತ್ತು. ಅದಕ್ಕೂ ಮಾತಿಲ್ಲದೆ, ವ್ಯರ್ಥವಾಗಿ ಎಂಬ ಎರಡು ಅರ್ಥಗಳಿದ್ದವು. ತಮಿಳಿನ 'ಸುಮ್ಮಾ', ತೆಲುಗಿನ 'ಊರಿಕೇ' ಎಂಬವೂ ಹೀಗೆಯೇ: ಮಾತಿಲ್ಲದಿರುವುದು, ಕಾರಣವಿಲ್ಲದಿರುವುದು, ಬೆಲೆಯಿಲ್ಲದಿರುವುದು ಒಂದೇ ಸೂರಿನಡಿ ಸೇರಿವೆ. ದ್ರಾವಿಡ ಭಾಷೆಗಳ ಈ ಕೂಟ ಗಮನಿಸತಕ್ಕದ್ದು. ತಿರುವಣ್ಣಾಮಲೆಯ ರಮಣ ಮಹರ್ಷಿಗಳು (1879–1950) 'ಸುಮ್ಮಾ ಇರು' ಎಂಬ ಈ ಅಡುಗೆಮನೆಯ ಮಾತನ್ನೇ ಉಪದೇಶವನ್ನಾಗಿ ಬಳಸಿದರು. ತಾಯಿ ಮಗುವಿಗೆ ಹೇಳುವ ಮಾತೂ ಗುರು ಸಾಧಕನಿಗೆ ಹೇಳುವ ಮಾತೂ ಅಕ್ಷರಶಃ ಒಂದೇ ಆಗಿರುವುದು ಎಲ್ಲ ಭಾಷೆಗಳಲ್ಲಿಯೂ ಸಾಧ್ಯವಾಗತಕ್ಕದ್ದಲ್ಲ.

ಸಂಸ್ಕೃತದ ದಾರಿ ಬೇರೆ. 'ಮೌನ' ಎಂಬುದು 'ಮುನಿ' ಎಂಬ ಪದದಿಂದ ಹುಟ್ಟಿದುದು. ಮುನಿಯ ಭಾವವೇ ಮೌನ. ಇಲ್ಲಿ ಸದ್ದಿನ ಪ್ರಸ್ತಾಪವೇ ಇಲ್ಲ. ಒಬ್ಬ ವ್ಯಕ್ತಿ ತಾನಾಗಿ ಕೈಗೊಂಡ ನಿಯಮ ಅದು. ಕಲ್ಲಿಗೆ ಮೌನವಿಲ್ಲ, ಮರಕ್ಕೆ ಮೌನವಿಲ್ಲ. ಮಾತು ಬಲ್ಲವನಿಗೆ ಮಾತ್ರ ಮೌನ ಸಲ್ಲುತ್ತದೆ. ಕನ್ನಡದಲ್ಲಿಯೂ 'ಮುನಿ' ಎಂಬ ಒಂದು ಧಾತುವುಂಟು. ಕೋಪಗೊಳ್ಳು ಎಂಬುದು ಅದರ ಅರ್ಥ. ಮುನಿಸು ಎಂಬ ಪದ ಬಂದುದು ಅದರಿಂದ. ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲ. ಆದರೂ ಮುನಿಸಿಕೊಂಡವರು ಮೊದಲು ಮಾಡುವ ಕೆಲಸ ಮಾತು ಬಿಡುವುದೇ ಆಗಿರುವುದರಿಂದ, ಈ ಎರಡು ಪದಗಳ ಆಕಸ್ಮಿಕ ಭೇಟಿ ಸ್ವಾರಸ್ಯವಾಗಿಯೇ ಇದೆ.

ಸದ್ದಿಲ್ಲದ ಸ್ಥಿತಿಯನ್ನು ಹೇಳಲು ಸಂಸ್ಕೃತವು ಬೇರೆ ಪದಗಳನ್ನು ಇರಿಸಿಕೊಂಡಿದೆ. ಶಬ್ದವಿಲ್ಲದುದು ನಿಶ್ಶಬ್ದ, ರವವಿಲ್ಲದುದು ನೀರವ. ನಿಃ ಎಂಬುದರ ಮುಂದೆ ರಕಾರ ಬಂದಾಗ ವಿಸರ್ಗ ಲೋಪವಾಗಿ ಹಿಂದಿನ ಸ್ವರ ದೀರ್ಘವಾಗುತ್ತದೆ; ನೀರಸ, ನೀರೋಗ ಎಂಬ ಪದಗಳಲ್ಲಿ ಆಗಿರುವುದೂ ಇದೇ. ವಾಚನಾಲಯಗಳ ಗೋಡೆಗಳ ಮೇಲೆ 'ನಿಶ್ಯಬ್ದ' ಎಂದು ಬರೆದ ಫಲಕಗಳು ಎಷ್ಟೋ ಕಡೆ ಕಾಣಸಿಗುತ್ತವೆ. ಆ ಯಕಾರ ಎಲ್ಲಿಂದ ಬಂದು ಸೇರಿತೋ ವ್ಯಾಕರಣಕ್ಕೆ ತಿಳಿಯದು. ಮಾತನಾಡಬಾರದೆಂಬ ಕಡೆಯಲ್ಲಿ ಫಲಕವೇ ಒಂದಕ್ಷರ ತಪ್ಪಿ ನುಡಿದಂತಾಗಿದೆ.

ಆಡಬಲ್ಲವನು ಆಡದಿರುವುದು ಒಂದು. ಸದ್ದೇ ಇಲ್ಲದಿರುವುದು ಮತ್ತೊಂದು. ಈ ಭೇದವನ್ನು ಯೂರೋಪಿನ ಹಲವು ಭಾಷೆಗಳೂ ಕಂಡಿವೆ. ಲ್ಯಾಟಿನ್ನಿನಲ್ಲಿ ಮೊದಲನೆಯದಕ್ಕೆ ಮುಖ್ಯವಾಗಿ 'ತಾಕೇರೆ' ಎಂಬ ಕ್ರಿಯಾಪದ, ಎರಡನೆಯದಕ್ಕೆ 'ಸಿಲೇರೆ'. ಜರ್ಮನ್ನಿನಲ್ಲಿ 'ಷ್ವೈಗೆನ್' ಮನುಷ್ಯನದು, 'ಷ್ಟಿಲ್ಲೆ' ಕಾಡಿನದು, ಇರುಳಿನದು. ರಷ್ಯನ್ನರಿಗೆ 'ಮಲ್ಚಾನಿಯೆ' ಬೇರೆ, 'ತಿಶಿನಾ' ಬೇರೆ. ಇಂಗ್ಲಿಷು ಮಾತ್ರ 'ಸೈಲೆನ್ಸ್' ಎಂಬ ಒಂದೇ ಪದದಿಂದ ಎರಡು ಕೆಲಸಗಳನ್ನೂ ಮಾಡಿಸುತ್ತದೆ. ಆ ಒಂದು ಪದದ ನೆರಳು ಇತ್ತೀಚಿನ ಕನ್ನಡದ ಮೇಲೂ ಬಿದ್ದಿರುವಂತಿದೆ. ಬೀದಿಯಲ್ಲಿ ಮೌನ, ಕಣಿವೆಯಲ್ಲಿ ಮೌನ, ಮುಚ್ಚಿದ ಕಾರ್ಖಾನೆಯಲ್ಲಿ ಮೌನ ಎಂದು ಬರೆಯುವುದು ವಾಡಿಕೆಯಾಗುತ್ತಿದೆ. ಕವಿ ಹಾಗೆ ಬರೆದರೆ ಅದು ಅಲಂಕಾರ. ಎಲ್ಲರೂ ಹಾಗೆಯೇ ಬರೆಯತೊಡಗಿದರೆ ಮಾತಾಡದ ಮನುಷ್ಯನಿಗೂ ಬರಿದಾದ ಬೀದಿಗೂ ಅಂತರ ಉಳಿಯುವುದಿಲ್ಲ.

ಬರಿದಾದ ಬೀದಿಗೆ ಕನ್ನಡದಲ್ಲಿ ಪದವಿಲ್ಲದೆ ಏನಿಲ್ಲ. ಕಡಲೆಕಾಯಿ ಪರಿಷೆ ಮುಗಿದ ಮೇಲೆ, ಅಂಗಡಿಗಳೆಲ್ಲ ಎದ್ದುಹೋದ ಬಸವನಗುಡಿಯ ಬೀದಿಯನ್ನು ನೋಡಿದವರು 'ಬಿಕೋ ಎನ್ನುತ್ತಿದೆ' ಎನ್ನುತ್ತಾರೆ. ಉರ್ದುವಿನವರು ಇಂಥದನ್ನು 'ಸನ್ನಾಟಾ' ಎನ್ನುವರು. ಈ 'ಬಿಕೋ' ವಿಚಿತ್ರವಾದ ಪದ. ಅದರ ರೂಪ ಅನುಕರಣ ಶಬ್ದದ್ದು. ಆದರೆ ಅದು ಅನುಕರಿಸುತ್ತಿರುವುದು ಇಲ್ಲದ ಸದ್ದನ್ನು! ಹಾಗೆಯೇ 'ಭಣಭಣ ಎನ್ನುವ ಮನೆ' ಎಂಬ ಮಾತಿನಲ್ಲಿ ಯಾವ ಭಣಭಣವೂ ಕೇಳಿಸದು. ಕನ್ನಡದವರು ಶೂನ್ಯಕ್ಕೂ ಒಂದು ದನಿಯನ್ನು ಕೊಟ್ಟಿದ್ದಾರೆ. ದೂರದ ಜಪಾನಿನಲ್ಲಿಯೂ ಇಂಥದೊಂದು ಪದವುಂಟು. ಸಭೆಯೋ ತರಗತಿಯೋ ಒಮ್ಮೆಲೇ ಸದ್ದಡಗಿದಾಗ ಅಲ್ಲಿಯವರು ಅದನ್ನು 'ಶೀನ್' ಎಂಬ ಅನುಕರಣ ಶಬ್ದದಿಂದ ಹೇಳುತ್ತಾರೆ. ಚಿತ್ರಕಥೆಗಳಲ್ಲಿ ಯಾರೂ ಮಾತಾಡದ ಚೌಕದ ನಡುವೆ ಆ ಅಕ್ಷರಗಳನ್ನೇ ಬರೆದಿರುತ್ತಾರೆ.

ಮನುಷ್ಯ ಮಾತಾಡದಿರುವುದನ್ನು ಹೇಳುವಾಗಲೂ ಆಡುಗನ್ನಡಕ್ಕೆ ಸದ್ದಿನ ಸಹಾಯ ಬೇಕು. 'ತುಟಿಪಿಟಕ್ಕೆನ್ನಲಿಲ್ಲ', 'ಕಮಕ್ ಕಿಮಕ್ ಎನ್ನದೆ ಹೊರಟುಹೋದ' ಎಂಬ ಮಾತುಗಳನ್ನು ಕೇಳದವರಿಲ್ಲ. ತುಟಿ ಬೇರ್ಪಡುವಾಗ ಆಗುವಷ್ಟು ಅಲ್ಪ ಸದ್ದನ್ನು ಮೊದಲು ಹುಡುಕಿ, ಅದೂ ಆಗಲಿಲ್ಲವೆಂದು ಹೇಳುವುದು ಇಲ್ಲಿನ ಕ್ರಮ. ಹಿಂದಿ ಉರ್ದುಗಳಲ್ಲಿ ಅದು 'ಚೂಂ' ಕೂಡ ಎನ್ನದಿರುವುದು. ಆಡುನುಡಿಯ ಈ ಅಳತೆಗೋಲು ಪುಸ್ತಕದ ಪದಗಳಿಗಿಂತ ಸೂಕ್ಷ್ಮವಾದುದೆಂದೇ ಹೇಳಬೇಕು. ಅದೇ ಉರ್ದುವಿಗೆ ಫಾರಸಿಯಿಂದ ಬಂದ 'ಖಾಮೋಶ್' ಎಂಬ ಪದದ ಚಿತ್ರ ಮತ್ತೊಂದು. ಫಾರಸಿಯಲ್ಲಿ ದೀಪವನ್ನು ಆರಿಸುವುದಕ್ಕೂ ಅದೇ ಮಾತು ಸಲ್ಲುತ್ತದೆ. ಆರಿದ ದೀಪವೂ ನಿಂತ ಮಾತೂ ಆ ಭಾಷೆಯಲ್ಲಿ ಒಂದೇ ಸ್ಥಿತಿ.

ಸದ್ದಿಲ್ಲದುದನ್ನು ಎಣಿಸಿ ಲೆಕ್ಕವಿಡುವ ಭಾಷೆಯೊಂದುಂಟು, ಅದು ಸಂಗೀತ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯು 1939ರಿಂದ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿದೆ. ಅಂಥ ಕಛೇರಿಗಳಲ್ಲಿ ಶ್ರೋತೃಗಳ ಕೈಗಳನ್ನು ಗಮನಿಸಬೇಕು. ಆದಿತಾಳದ ಒಂದು ಆವರ್ತಕ್ಕೆ ಎಂಟು ಅಕ್ಷರಗಳು. ಮೊದಲು ಒಂದು ಪೆಟ್ಟು, ಮೂರು ಬೆರಳೆಣಿಕೆ. ಬಳಿಕ ಒಂದು ಪೆಟ್ಟು, ಒಂದು ಬೀಸು. ಮತ್ತೆ ಒಂದು ಪೆಟ್ಟು, ಒಂದು ಬೀಸು. ಸದ್ದಾಗುವ ಪೆಟ್ಟುಗಳು ಮೂರೇ. ಉಳಿದ ಐದೂ ಸದ್ದಿಲ್ಲದವು. ಶಾಸ್ತ್ರಕಾರರು ಮೊದಲಿನವನ್ನು ಸಶಬ್ದ ಕ್ರಿಯೆಗಳೆಂದೂ ಎರಡನೆಯವನ್ನು ನಿಶ್ಶಬ್ದ ಕ್ರಿಯೆಗಳೆಂದೂ ಕರೆದರು. 'ಕ್ರಿಯೆ' ಎಂಬ ಮಾತನ್ನು ಇಲ್ಲಿ ಮರೆಯಬಾರದು. ಸದ್ದಿಲ್ಲದ ಬೆರಳೆಣಿಕೆಯೂ ಒಂದು ಕೆಲಸವೇ. ಅದು ತಪ್ಪಿದರೆ ತಾಳವೇ ತಪ್ಪುತ್ತದೆ.

ಸದ್ದಿಲ್ಲದಿರುವುದೂ ಒಂದು ಕೆಲಸವಾಗಬಲ್ಲದಾದರೆ, ಮಾತಾಡದ ಮನುಷ್ಯ ಏನು ಮಾಡುತ್ತಿದ್ದಾನೆಂದು ವಿಚಾರಿಸುವುದು ಅವಶ್ಯವಾಗುತ್ತದೆ. ವಿಚಾರಿಸದೆ ತೀರ್ಪು ಕೊಡುವ ಅಭ್ಯಾಸವೂ ಭಾಷೆಗಳಲ್ಲಿದೆ. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಸಭೆಯ ನಿರ್ಣಯದವರೆಗೆ ಎಲ್ಲ ಕಡೆಯೂ ಕೇಳಿಬರುತ್ತದೆ. ಸುಮ್ಮನಿದ್ದವನು ಒಪ್ಪಿದಂತೆ ಎಂಬ ಸೂತ್ರ ಲ್ಯಾಟಿನ್ನಿನಲ್ಲಿಯೂ ಇದೆ. ತಲೆ ತಗ್ಗಿಸಿ ಕುಳಿತ ಹುಡುಗಿಯ ಬಾಯಿ ಹೆದರಿಕೆಯಿಂದ ಕಟ್ಟಿದೆಯೋ, ದುಃಖದಿಂದ ಗಂಟಲು ಬಿಗಿದಿದೆಯೋ, ಮುನಿಸಿನಿಂದ ಮಾತು ನಿಂತಿದೆಯೋ ಎಂದು ಕೇಳುವ ಗೋಜಿಗೆ ಆ ಸೂತ್ರ ಹೋಗುವುದಿಲ್ಲ. ಬಾಯಿ ಕಟ್ಟುವುದು, ಗಂಟಲು ಬಿಗಿಯುವುದು, ಮಾತು ತೋಚದಿರುವುದು, ಮಾತು ಬಿಡುವುದು, ಉಸಿರೆತ್ತದಿರುವುದು ಎಂದು ಕನ್ನಡ ಇವನ್ನೆಲ್ಲ ಬೇರೆ ಬೇರೆ ಹೆಸರುಗಳಿಂದ ಗುರುತಿಸಿದೆ. ಹಳಗನ್ನಡದಲ್ಲಿ 'ಉಸಿರ್' ಎಂದರೆ ಶ್ವಾಸವೂ ಹೌದು, ನುಡಿಯುವುದೂ ಹೌದು. ಆದುದರಿಂದ ಒಬ್ಬನನ್ನು ಉಸಿರೆತ್ತದಂತೆ ಮಾಡುವುದು ಸಣ್ಣ ಸಂಗತಿಯಲ್ಲ.

ತಾನಾಗಿ ತಾಳಿದ ಮೌನಕ್ಕೆ ಗಾಂಧೀಜಿಯವರ ಸೋಮವಾರಗಳು ಪ್ರಸಿದ್ಧ ನಿದರ್ಶನ. ಅಂದು ಅವರು ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದುದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಇನ್ನೊಂದು ನಿದರ್ಶನ ಶಾಲೆಯ ಮಕ್ಕಳದು. ಕೇರಳದಲ್ಲಿ 1985ರಲ್ಲಿ ಒಡಹುಟ್ಟಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆಯಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎದ್ದು ನಿಂತು ಹಾಡದಿರುವುದು ಅಗೌರವವಲ್ಲವೆಂದು ತೀರ್ಮಾನಿಸಿ, ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಮಕ್ಕಳ ಮೌನ ಸಮ್ಮತಿಯೂ ಆಗಿರಲಿಲ್ಲ, ಅವಮಾನವೂ ಆಗಿರಲಿಲ್ಲ.

ತಾನಾಗಿ ತಾಳದ, ಹೊರಗಿನಿಂದ ಹೇರಿದ ಮೌನಕ್ಕೆ ಬೇರೆ ಹೆಸರು ಬೇಕು. ಡಾ. ಅಂಬೇಡ್ಕರ್ ಅವರು 1920ರಲ್ಲಿ ಮರಾಠಿ ಪತ್ರಿಕೆಯೊಂದನ್ನು ಆರಂಭಿಸಿದಾಗ ಅದಕ್ಕೆ 'ಮೂಕನಾಯಕ' ಎಂದು ಹೆಸರಿಟ್ಟರು. ಶತಮಾನಗಳ ಕಾಲ ಮಾತಾಡಗೊಡದ ಜನರಿಗೆ ಮೌನಿಗಳೆಂಬ ಗೌರವದ ಪದ ಒಪ್ಪುತ್ತಿರಲಿಲ್ಲ. ಅವರಿಗೆ ನಾಲಗೆಯಿತ್ತು, ಅದನ್ನು ಕೇಳುವ ಕಿವಿಗಳಿರಲಿಲ್ಲ.

ಇದೇ ಮೂಕ ಎಂಬ ಪದವನ್ನು, ಅದರ ಕನ್ನಡ ರೂಪವಾದ ಮೂಗ ಎಂಬುದನ್ನು, ಕಿವಿ ಕೇಳದವರ ಮೇಲೆ ಯೋಚಿಸದೆ ಹೊರಿಸುವುದುಂಟು. ಅವರಿಗೆ ಮಾತಿಲ್ಲವೆಂಬುದು ಕೇಳಬಲ್ಲವರ ಊಹೆ. ಕೈ, ಮುಖ, ಕಣ್ಣುಗಳಿಂದ ಆಡುವ ಅವರ ಸನ್ನೆಭಾಷೆಗೆ ತನ್ನದೇ ಆದ ವ್ಯಾಕರಣವಿದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು, ಕಿವುಡ ಮಕ್ಕಳಿಗೆ ತುಟಿಮಾತನ್ನೇ ಕಲಿಸಬೇಕು, ಸನ್ನೆಯನ್ನು ಕೈಬಿಡಬೇಕು ಎಂದು ನಿರ್ಣಯಿಸಿತು. ಅದರ ಫಲವಾಗಿ ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳು ತರಗತಿಯಲ್ಲಿ ಕೈಯಾಡಿಸುವುದು ತಪ್ಪಾಯಿತು. ಕೇಳಬಲ್ಲ ಮಕ್ಕಳಿಗೆ ಬಾಯಿ ಮುಚ್ಚಿ ಎಂದಂತೆ ಅವರಿಗೆ ಕೈ ಕಟ್ಟಿ ಎಂದು ಹೇಳಲಾಯಿತು. ಅದಕ್ಕಾಗಿ ವಿಷಾದ ವ್ಯಕ್ತಪಡಿಸಲು ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರುವವರೆಗೆ ಕಾಯಬೇಕಾಯಿತು. ಭಾರತದಲ್ಲಿ ಸನ್ನೆಭಾಷೆಯ ಸಂಶೋಧನೆಗೂ ಬೋಧನೆಗೂ ಮೀಸಲಾದ ರಾಷ್ಟ್ರೀಯ ಕೇಂದ್ರವೊಂದು 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. 2018ರಲ್ಲಿ ಅದು ಮೂರು ಸಾವಿರ ಪದಗಳ ನಿಘಂಟನ್ನು ಹೊರತಂದಿತು. ಆ ಭಾಷೆಯಲ್ಲಿ ಬಾಯಿ ಮುಚ್ಚಿಕೊಂಡು ಗಂಟೆಗಟ್ಟಲೆ ಹರಟಬಹುದು. ಸುಮ್ಮನಾಗಬೇಕಾದರೆ ಕೈಗಳು ಮಡಿಲಿಗೆ ಬಂದು ನಿಲ್ಲಬೇಕು.